ಮಂಚದ ಮೇಲಿನ ಹಪ್ಪಳ

ನನ್ನ ಮೊಮ್ಮಗಳು ಸುಳ್ಳು ಬರೆಯಲಿಲ್ಲ. ಇದ್ದದ್ದನ್ನೇ ಬರೆದಳು. ಅದರಿಂದ ನನ್ನ ಗೆಳತಿಯ ಕೆಲಸ ಹೋಯಿತು, ಮಧ್ಯಾಹ್ನ ಹೋಗಿ ಕೂರಲು ನನಗಿದ್ದ ಒಂದೇ ಮನೆ ಹೋಯಿತು. ನಡೆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಬೀದಿಯವರು ಸೇರಿಸಿ ಹೇಳುವುದು.

ಮೊಮ್ಮಗಳು ಅಂದರೆ ಮಗಳ ಮಗಳು. ಹಾಸನದಲ್ಲಿ ಓದು ಮುಗಿಸಿ, ಪತ್ರಿಕೆಯಲ್ಲೇ ಕೆಲಸ ಮಾಡೋದು ಅಂತ ಹಟ ಹಿಡಿದು, ಬೆಂಗಳೂರಿನ ಎನ್.ಆರ್. ಕಾಲೋನಿಯ ನನ್ನ ಮನೆಗೆ ಬಂದಳು. ಅವಳಪ್ಪ ಬ್ಯಾಂಕ್ ಪರೀಕ್ಷೆ ಬರಿ ಅಂದಿದ್ದ, ಇವಳು ಕೇಳಲಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಈಗಲೂ ಪೇಪರ್ ಓದುವುದು ಅಕ್ಷರದ ಕೆಳಗೆ ಬೆರಳಿಟ್ಟುಕೊಂಡೇ. ಅವಳ ಕೆಲಸ ಒಳ್ಳೆಯದೋ ಕೆಟ್ಟದ್ದೋ ನನಗೇನು ಗೊತ್ತು. ಮನೆಯಲ್ಲಿ ಇನ್ನೊಂದು ಜೀವ ಓಡಾಡುತ್ತದಲ್ಲ, ಬರಲಿ ಅಂದೆ. ಆ ಜೀವ ಮನೆಯಲ್ಲಿ ನಿಂತರೆ ತಾನೆ? ನಾನು ಮಲಗಿದ ಮೇಲೆ ಬರುವಳು. ಅನ್ನ ಸಾರು ಮುಚ್ಚಿಟ್ಟಿರುತ್ತಿದ್ದೆ, ಬೆಳಿಗ್ಗೆ ಎದ್ದರೆ ತಟ್ಟೆ ತೊಳೆದು ಕವುಚಿರುತ್ತಿತ್ತು. ಎಷ್ಟೋ ದಿನ ನಮ್ಮಿಬ್ಬರ ಮಾತುಕತೆ ಅಷ್ಟೇ.

ಅದಕ್ಕೇ ನನಗೆ ಹಿಂದಿನ ಬೀದಿಯ ಗೆಳತಿ ಬೇಕಾಗಿತ್ತು. ಅವರೂ ಒಬ್ಬರೇ. ಗಾಂಧಿಬಜಾರ್ ಕಡೆಯ ಒಂದು ಅಂಗಡಿಗೆ ಉದ್ದಿನ ಹಪ್ಪಳ ಮಾಡಿ ಕೊಡುತ್ತಿದ್ದರು. ಅವರು ಹಿಟ್ಟು ಕುಟ್ಟಿ ಉಂಡೆ ಮಾಡಿಟ್ಟರೆ, ಊಟ ಆದ ಮೇಲೆ ನಾನು ಹೋಗಿ ಲಟ್ಟಿಸುತ್ತಿದ್ದೆ. ಯಾರ ಸೊಸೆ ಏನಂದಳು, ಯಾರ ಮಂಡಿಗೆ ಯಾವ ಎಣ್ಣೆ, ಎಲ್ಲ ಅಲ್ಲೇ ಇತ್ಯರ್ಥ. ನಾನು ಲಟ್ಟಿಸಿದ್ದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಹಪ್ಪಳಾನೋ ಚಪಾತೀನೋ ನೀವೇ ಹೇಳಿ" ಅನ್ನೋರು. ನಾನು, ನಿಮ್ಮ ಅಂಗಡಿಯವನಿಗೆ ಹಲ್ಲಿದ್ದರೆ ತಿನ್ನಲಿ ಅನ್ನುತ್ತಿದ್ದೆ.

ಮೊಮ್ಮಗಳದು ಇನ್ನೂ ಕಲಿಯೋ ಕೆಲಸ. ಭಾನುವಾರದ ಪುರವಣಿಗೆ ತಾನೇ ಹುಡುಕಿ ಒಂದು ಒಳ್ಳೆಯ ಲೇಖನ ಕೊಟ್ಟರೆ ಕಾಯಂ ಮಾಡುತ್ತೇವೆ ಅಂದಿದ್ದರಂತೆ. ಕೈಯಲ್ಲಿ ಹಪ್ಪಳ ಮಾಡುವವರು ಈಗ ಎಷ್ಟು ಜನ ಇದ್ದಾರೆ ಅಜ್ಜಿ ಅಂತ ಕೇಳಿದಳು. ಕರೆದುಕೊಂಡು ಹೋದೆ. ಗೆಳತಿ ಕಾಫಿ ಕೊಟ್ಟರು, ಇವಳಿಗೂ ಎರಡು ಲಟ್ಟಿಸಲು ಕೊಟ್ಟರು, ಮನೆಯೆಲ್ಲ ತೋರಿಸಿದರು. ಹೆಸರು ಮಾತ್ರ ಹಾಕಬೇಡಮ್ಮ ಅಂದರು. ಇವಳು ಖಂಡಿತ ಹಾಕಲ್ಲ ಅಂತ ಮಾತು ಕೊಟ್ಟಳು.

ಮಳೆಗಾಲ ಅದು. ತಾರಸಿಯಲ್ಲಿ ಬಿಸಿಲಿಲ್ಲ. ಹಪ್ಪಳ ಒಳಗೆ, ಮಂಚದ ಮೇಲೆ ಒಗೆದ ಸೀರೆ ಹಾಸಿ, ಫ್ಯಾನ್ ಕೆಳಗೆ ಹರಡಿತ್ತು. ಮಳೆಗಾಲದಲ್ಲಿ ಯಾರ ಮನೆಯಲ್ಲಾದರೂ ಹಾಗೇ.

ಭಾನುವಾರ ಬಂತು ಲೇಖನ. ಬೆರಳಿಟ್ಟು ಪೂರ್ತಿ ಓದಿದೆ. ಚೆನ್ನಾಗಿಯೇ ಬರೆದಿದ್ದಳು. ಬೇರೆ ಹೆಸರಿಟ್ಟು, ಹೆಸರು ಬದಲಿಸಲಾಗಿದೆ ಅಂತ ಪಕ್ಕದಲ್ಲೇ ಹಾಕಿದ್ದಳು. ಆದರೆ ಮುಚ್ಚಿದ ಬಾವಿಯ ಮೇಲೆ ತುಳಸಿಕಟ್ಟೆ ಇರುವ ಮನೆ ಅಂತಲೂ ಬರೆದಿದ್ದಳು. ನಮ್ಮ ಕಡೆ ಅಂಥದ್ದು ಒಂದೇ ಮನೆ. ಮಳೆ ಹಿಡಿದರೆ ಹಪ್ಪಳಕ್ಕೆ ಮಂಚ, ಅವರಿಗೆ ಚಾಪೆ ಅಂತ ಬರೆದಿದ್ದಳು. ಆಫೀಸಿನಲ್ಲಿ ಎಲ್ಲರೂ ಮೆಚ್ಚಿದ್ದು ಆ ಸಾಲನ್ನೇ ಅಂತೆ.

ಅಂಗಡಿಗೆ ಬಂದವರೂ ಆ ಸಾಲನ್ನೇ ಹಿಡಿದುಕೊಂಡರು. ಮಲಗೋ ಮಂಚದ ಹಪ್ಪಳ ನಿಮ್ಮದೇನಾ ಅಂತ ಕೇಳೋಕೆ ಶುರು ಮಾಡಿದರಂತೆ. ಅಂಗಡಿಯವರು ಸದ್ಯಕ್ಕೆ ಬೇಡ ಅಂತ ಹೇಳಿ ಕಳಿಸಿದರು.

ಗೆಳತಿ ನಮ್ಮ ಗೇಟಿನ ತನಕ ಬಂದರು. ಒಳಗೆ ಬನ್ನಿ ಅಂದೆ, ಬರಲಿಲ್ಲ.

"ನಿಮ್ಮ ಮೊಮ್ಮಗಳು ನನ್ನ ಮಂಚ ಊರಿಗೆಲ್ಲ ತೋರಿಸಿಬಿಟ್ಟಳು ಕಣ್ರೀ" ಅಂದರು. ಜೋರಾಗಿ ಹೇಳಲಿಲ್ಲ. ಹೇಳಿ ಹೋದರು.

ಆಮೇಲೆ ಮಧ್ಯಾಹ್ನಗಳು ಉದ್ದವಾದವು. ಟಿ.ವಿ. ಹಾಕುವುದು, ಆರಿಸುವುದು. ಪಕ್ಕದ ಮನೆ ಕುಕ್ಕರ್ ಕೂಗಿದರೆ ಅವರಲ್ಲಿ ಇನ್ನೂ ಅಡುಗೆ ಆಗಿಲ್ಲ ಅಂತ ಹೇಳಬೇಕು ಅನ್ನಿಸೋದು. ಯಾರಿಗೆ ಹೇಳುವುದು?

ಮೊಮ್ಮಗಳ ಕೆಲಸ ಕಾಯಂ ಆಯಿತು. ಮೈಸೂರುಪಾಕು ತಂದಳು. ಆಗ ಹೇಳಿದೆ, ಹೀಗಾಗಿದೆ ಅಂತ. ಆವತ್ತೇ ಓಡಿದಳು, ಗೆಳತಿ ಬಾಗಿಲು ತೆಗೆಯಲಿಲ್ಲ. ಪತ್ರಿಕೆಯಲ್ಲಿ ಇನ್ನೊಂದು ನಾಲ್ಕು ಸಾಲು ಹಾಕಿಸುತ್ತೇನೆ ಅಂತ ಮೇಲಿನವರನ್ನು ಕೇಳಿದಳು. ಬರೆದಿದ್ದರಲ್ಲಿ ತಪ್ಪೇನಿದೆ, ತಪ್ಪಿದ್ದರೆ ತಿದ್ದಬಹುದು ಅಂದರಂತೆ.

ಅವಳ ರಜಾದಿನ ಸಂಜೆ ಅಡುಗೆಮನೆ ಹೊಸ್ತಿಲ ಮೇಲೆ ಬಂದು ಕೂತಳು.

"ಅಜ್ಜಿ, ಈ ಕೆಲಸಾನೇ ಬಿಟ್ಬಿಡ್ಲಾ?"

"ನೀನು ಬಿಟ್ರೆ ಅಂಗಡಿಯೋರು ಅವರ ಹಪ್ಪಳ ತಗೋತಾರಾ?"

"ಇಲ್ಲ."

"ಮತ್ಯಾಕೆ ಬಿಡ್ತೀಯ? ಇನ್ಮೇಲೆ ಯಾರ ಬಗ್ಗೆ ಬರೆದ್ರೂ ಅಚ್ಚಾಗೋಕೆ ಮುಂಚೆ ಅವರಿಗೆ ಓದಿ ಹೇಳು."

"ನಮ್ಮಲ್ಲಿ ಹಾಗೆಲ್ಲ ಮುಂಚೆ ತೋರಿಸಬಾರದು ಅಜ್ಜಿ."

"ಡಾಕ್ಟ್ರು ಕೂಡ ಸೂಜಿ ಚುಚ್ಚೋಕೆ ಮುಂಚೆ ಹೇಳಿ ಚುಚ್ತಾರೆ ಕಣೇ."

ಅವಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಅಳಲಿ, ಅಳಬೇಕಾದ್ದೇ. ಆದರೆ ಅವಳ ಜೊತೆ ಕೂತು ಊಟ ಮಾಡಿದೆ.

ಮಾರನೆಯ ಬೆಳಿಗ್ಗೆ ಅವಳು ಏಳುವ ಮುಂಚೆ ನಾನು ಹಿಂದಿನ ಬೀದಿಗೆ ಹೋದೆ. ಕೈಯಲ್ಲಿ ಏನೂ ಒಯ್ಯಲಿಲ್ಲ. ಗೆಳತಿ ಬಾಗಿಲು ತೆಗೆದು, ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿದರು. ಒಬ್ಬಳೇ ಬಂದಿದ್ದೀನಿ ಅಂದೆ.

"ನಿಮ್ಮ ಹತ್ರ ಮಾತಾಡೋಕೆ ಭಯ ಆಗುತ್ತೆ ಕಣ್ರೀ" ಅಂದರು.

"ಹಾಗಾದ್ರೆ ಮಾತಾಡಬೇಡಿ" ಅಂದು ಮೆಟ್ಟಿಲ ಮೇಲೆ ಕೂತೆ. ಅವರು ಒಳಗೆ ಹೋದರು. ಪಾತ್ರೆ ತೊಳೆಯುವ ಸದ್ದು ಕೇಳಿಸಿತು, ನಿಂತಿತು. ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ. ಬಿಸಿಲು ಕಾಲಿಗೆ ಬರುವ ತನಕ ಕೂತಿದ್ದು, ಎದ್ದು ಮನೆಗೆ ಬಂದೆ.