ಹುಣ್ಣಿಮೆಯ ಕವಾಯತು

ದೊಡ್ಡತ್ತೆಯ ಬಲಗಾಲಿನಲ್ಲಿ ಕಿರುಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ. ಬೆರಳಿದ್ದ ಜಾಗದಲ್ಲಿ ಚರ್ಮ ಒಣಗಿದ ಹುಣಸೆಹಣ್ಣಿನ ಹಾಗೆ ಮುದುರಿಕೊಂಡಿತ್ತು. ಯಳಂದೂರು ಸೀಮೆಯ ಅಗರದಿಂದ ಕೊಳ್ಳೇಗಾಲದ ನೇಕಾರರ ಬೀದಿಗೆ ಸೊಸೆಯಾಗಿ ಬಂದ ದಿನ, ಹಿರಿಯರ ಕಾಲಿಗೆ ಬೀಳುತ್ತಾ ಬಂದ ನಾನು ಆ ಪಾದ ಕಂಡು ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ನಕ್ಕರು.

"ಮುಟ್ಟು ಕಣವ್ವಾ, ಕಚ್ಚಕಿಲ್ಲ. ಕಚ್ಚೋ ಬೆರಳ್ನೆಲ್ಲ ಬರ್ಮಾ ಕಾಡಲ್ಲೇ ಬುಟ್ಟು ಬಂದಿವ್ನಿ."

ಅವರು ನಮ್ಮ ಮಾವನ ಅಕ್ಕ. ಗಂಡ ರಂಗೂನಿನಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದರಂತೆ. ಯುದ್ಧದಲ್ಲಿ ಆ ಊರಿನ ಮೇಲೆ ಬಾಂಬು ಬೀಳತೊಡಗಿದಾಗ ಗಂಡ, ಹೆಂಡತಿ, ಐದು ವರ್ಷದ ಮಗಳು ಮೂವರೂ ಕಾಡುದಾರಿಯಲ್ಲಿ ನಡೆದು ಹೊರಟರು. ಊರಿಗೆ ಬಂದು ಮುಟ್ಟಿದವರು ಇವರೊಬ್ಬರೇ. ವರ್ಷಗಟ್ಟಲೆ ಕಾಗದವಿಲ್ಲದೆ ಇಲ್ಲಿ ಮಾವ ಮೂವರಿಗೂ ತಿಥಿ ಮಾಡಿ, ಬೀದಿಗೆಲ್ಲ ಊಟ ಹಾಕಿ ಮುಗಿಸಿದ್ದರು. ಊಟ ಉಂಡವರೆಲ್ಲ ದೆವ್ವವೆಂದು ಬಾಗಿಲು ಹಾಕಿಕೊಳ್ಳುತ್ತಿದ್ದಾಗ ದೊಡ್ಡತ್ತೆ ಕುಂಟಿಕೊಂಡು ಬಂದು ತಮ್ಮನ ಮುಂದೆ ನಿಂತು, "ನನ್ ಪಿಂಡಕ್ಕೆ ತುಪ್ಪ ಉಯ್ದಿದ್ಯೇನ್ಲಾ, ಎಣ್ಣೇಲೇ ಮುಗಿಸ್ದಾ?" ಎಂದು ಕೇಳಿದರಂತೆ. ಗಂಡ, ಮಗಳು ಏನಾದರೆಂದು ಮಾತ್ರ ಯಾರು ಕೇಳಿದರೂ ಹೇಳಲಿಲ್ಲ.

ರಂಗೂನಿನಿಂದ ಅವರು ಸಾಮಾನು ತರಲಿಲ್ಲ, ಒಂದು ಅಭ್ಯಾಸ ತಂದರು. ಪಕ್ಕದ ಮನೆಯ ಬರ್ಮಾ ಮುದುಕಿಯೊಬ್ಬಳು ಕಲಿಸಿದ್ದಂತೆ. ಬೀದಿಯಲ್ಲಿ ಮಗ್ಗದ ಸದ್ದು ಶುರುವಾಗುವ ಮೊದಲೇ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂರುವರು. ಮಂತ್ರವಿಲ್ಲ, ಮಣಿಯಿಲ್ಲ. ಹುಣ್ಣಿಮೆಯ ದಿನ ಮಧ್ಯಾಹ್ನದ ಮೇಲೆ ಊಟ ಮಾಡುತ್ತಿರಲಿಲ್ಲ. "ಏಕಾದ್ಸಿ ಬುಟ್ಟು ಉಣ್ಣುಮೆ ಇಡ್ದವ್ಳೆ, ನಮ್ ಮನೆದ್ಯಾವ್ರು ಚೌಡವ್ವ ಏನ್ ಪಾಪ ಮಾಡಿದ್ಲು?" ಎಂದು ಮಾವ ಗೊಣಗುವರು. ನಾನೊಮ್ಮೆ ಕೇಳಿಯೇಬಿಟ್ಟೆ, ಕಣ್ಣು ಮುಚ್ಚಿಕೊಂಡು ಬುದ್ಧದೇವರ ಹತ್ತಿರ ಏನು ಬೇಡುತ್ತೀರಿ ಎಂದು.

"ಏನೂ ಬೇಡಕಿಲ್ಲ. ಉಸ್ರು ಒಳಕ್ ಓಯ್ತದೆ, ಆಚೆಗ್ ಬತ್ತದೆ. ಅದ್ನೇ ಕಾಯ್ತಾ ಕುಂತಿರ್ತೀನಿ."

"ಅಷ್ಟೇನಾ?"

"ಅಷ್ಟೇಯ. ಬಾಂಬ್ ಬಿದ್ದಾಗ ಕೈಲಿ ಉಳ್ಯೋದೂ ಅಷ್ಟೇ ಕಣವ್ವಾ."

ನಮ್ಮ ಬೀದಿ ಇದ್ದದ್ದು ಕೆರೆಯ ಏರಿಯ ಕೆಳಗೆ. ಮಳೆಗಾಲದಲ್ಲಿ ಕೆರೆಯ ನೀರು ನಮ್ಮ ಸೂರಿಗಿಂತ ಎತ್ತರದಲ್ಲಿರುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಯೋಚಿಸುತ್ತಿರಲಿಲ್ಲ. ದೊಡ್ಡತ್ತೆ ಒಬ್ಬರೇ ದಿನಾ ಸಂಜೆ ಏರಿಯ ಮೇಲೆ ಕುಂಟುತ್ತಾ ಹೋಗಿ, ಏಡಿ ತೋಡಿದ ಬಿಲಗಳಿಗೆ ಕೋಲು ತೂರಿಸಿ ಆಳ ನೋಡಿ ಬರುವರು. ಏರಿ ಭದ್ರ ಮಾಡಿಸಲು ಅರ್ಜಿ ಬರೆಸಿದರು. ನಾವು ಮದ್ರಾಸು ಸರ್ಕಾರಕ್ಕೆ ಸೇರಿದವರು, ಅರ್ಜಿ ಕೊಯಮತ್ತೂರಿಗೆ ಹೋಗಬೇಕು. ಹೋಯಿತು, ಹೋದದ್ದು ಹೋಯಿತು. ಆಮೇಲೆ ಅವರು ಬೀದಿಯ ಹೆಂಗಸರನ್ನು ಹಿಡಿದರು.

ಆ ಬರ್ಮಾ ಮುದುಕಿ ದಿನಕ್ಕೊಂದು ಸಲ ಸಾವನ್ನು ನೆನೆಯಬೇಕು ಎನ್ನುತ್ತಿದ್ದಳಂತೆ. ದೀಪ ಹಚ್ಚುವ ಹೊತ್ತಿನಲ್ಲಿ ಸಾವು ಎಂದರೆ ಬಾಯಿಗೆ ಮಣ್ಣು ಹಾಕುವ ಬೀದಿ ನಮ್ಮದು. ದೊಡ್ಡತ್ತೆ ಅದಕ್ಕೂ ದಾರಿ ಕಂಡುಕೊಂಡರು. ಪ್ರತಿ ಹುಣ್ಣಿಮೆಯ ಸಂಜೆ ಬೀದಿಯ ಕೊನೆಯಲ್ಲಿದ್ದ ಬಂಡೆಗುಡ್ಡೆಯ ಮೇಲೆ ಹೆಂಗಸರನ್ನು ಕೂಡಿಸಿದರು. ಮೊದಲು ಇಪ್ಪತ್ತು ಉಸಿರು ಸುಮ್ಮನೆ ಕೂರಬೇಕು. ಆಮೇಲೆ ಏರಿ ಕೆಳಗಿನ ಒಂದೊಂದು ಮನೆಯನ್ನೂ ನೆನೆದು ಅಲ್ಲಿಯವರು ಚೆನ್ನಾಗಿರಲಿ ಎನ್ನಬೇಕು. ಎಂದ ಮೇಲೆ ಆ ಮನೆಯಲ್ಲಿ ನಡೆಯಲಾರದವರು ಯಾರು, ಅವರನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ಬಾಯಿಬಿಟ್ಟು ಹೇಳಬೇಕು. ಬಾಣಂತಿ, ಕುರುಡರು, ಎಳೆಗೂಸು, ಎಲ್ಲರಿಗೂ ಒಬ್ಬೊಬ್ಬರನ್ನು ಗೊತ್ತು ಮಾಡಿದರು. "ಚೆನ್ನಾಗಿರ್ಲಿ ಅಂತ ಬಾಯಲ್ಲಿ ಅಂದ್ಬುಟ್ರೆ ಆಯ್ತಾ? ಎತ್ಕೊಳ್ಳೋ ಕೈ ಯಾರ್ದು ಯೋಳಿ," ಎನ್ನುವರು. ಕೆಳಗಿನ ಕೇರಿಯ ಮನೆಗಳ ಹೆಸರು ಬಂದಾಗ ನಮ್ಮವರು ಮೂಗು ಮುರಿದರು. ಕೇರಿಯವರು ಗುಡ್ಡೆ ಹತ್ತಿದರೆ ನಾವು ಹತ್ತುವುದಿಲ್ಲ ಎಂದವರೂ ಇದ್ದರು. "ನೀವು ನೀರಲ್ಲೇ ಇರಿ ಮತ್ತೆ, ಮಡಿ ಕೆಡಕಿಲ್ಲ," ಎಂದರು ದೊಡ್ಡತ್ತೆ. ಕೇರಿಯವರು ಹತ್ತಿದರು, ಮೂಗು ಮುರಿದವರೂ ಬಂದರು.

ಮೂರನೆಯದು ಬಿಡುವ ಪಾಠ. ಅದೇ ಹುಣ್ಣಿಮೆಯ ದಿನ ಯಾವ ಹೊತ್ತಿಗಾದರೂ ಅವರು ಜಾಗಟೆ ಬಡಿದ ಕೂಡಲೆ ಎಲ್ಲರೂ ಕೈಲಿದ್ದದ್ದನ್ನು ಇದ್ದಲ್ಲೇ ಬಿಟ್ಟು, ತಮಗೆ ಗೊತ್ತು ಮಾಡಿದ ಜೀವವನ್ನು ಮಾತ್ರ ಹಿಡಿದು ಗುಡ್ಡೆಗೆ ಬರಬೇಕು. ಪೆಟ್ಟಿಗೆ, ಪಾತ್ರೆ, ರೇಷ್ಮೆ ಯಾವುದೂ ಕೂಡದು. ಗಂಡಸರು ಇದಕ್ಕೆ ಹುಣ್ಣಿಮೆ ಕವಾಯತು ಎಂದು ಹೆಸರಿಟ್ಟು ನಕ್ಕರು. ನಾನೂ ನಕ್ಕಿದ್ದೇನೆ. ಅಡಿಗೆ ಸೀದುಹೋದಾಗ ಬೈದಿದ್ದೇನೆ ಕೂಡ.

ನೇಕಾರನಿಗೆ ಬಿಡುವುದು ಸುಲಭವಲ್ಲ. ಗುಂಡಿ ಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತವನು ಲಾಳಿಯನ್ನು ಎಳೆಗಳ ನಡುವೆ ಬಿಟ್ಟು ಏಳಬಾರದು, ಅಪಶಕುನ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಹಾಸನ್ನು ನೇಯ್ಗೆ ಅರ್ಧವಿರುವಾಗಲಂತೂ ಕತ್ತರಿಸಲೇಬಾರದು. "ಆಸು ಕುಯ್ದ ಕೈ ಮನೇನೂ ಕುಯ್ತದೆ," ಎನ್ನುವುದು ನಮ್ಮ ಮಾವನ ಬಾಯಿಮಾತು. ನಲವತ್ತು ವರ್ಷ ನೇಯ್ದು ಕಣ್ಣು ಕಳೆದುಕೊಂಡಿದ್ದರು ಅವರು. ಕವಾಯತಿನಲ್ಲಿ ಅವರ ಕೈ ಹಿಡಿದು ತರುವುದು ನಮ್ಮ ಯಜಮಾನರ ಪಾಲು, ಎಂಟು ತಿಂಗಳ ಮಗಳು ನನ್ನ ಪಾಲು. ಜಾಗಟೆ ಬಡಿದರೂ ಯಜಮಾನರು, "ಒಂದೇ ಒಂದ್ ಎಳೆ ಅತ್ತೆ, ಬಂದೆ," ಎನ್ನುವರು. ದೊಡ್ಡತ್ತೆ ಕೂಗಾಡುತ್ತಿರಲಿಲ್ಲ, ಬಾಗಿಲಲ್ಲಿ ನಿಂತಿರುವರು. ಯಜಮಾನರು ಎದ್ದು ಬಂದ ಮೇಲೆ, "ಅದ್ನಾಕು ಉಸ್ರು ತಕಂಡೆ ಕಣಪ್ಪಾ. ನೀರು ಅಷ್ಟು ಉಸ್ರು ಕಾಯಕಿಲ್ಲ," ಎನ್ನುವರು.

ಆ ವರ್ಷ ಹಿಂಗಾರು ಮಳೆ ಮೂರು ದಿನ ಬಿಡದೆ ಹೊಯ್ಯಿತು. ನಾಲ್ಕನೆಯ ದಿನ ಊಟದ ಹೊತ್ತಿಗೆ ಮಳೆ ನಿಂತು ಬಿಸಿಲೂ ಬಂದಿತ್ತು. ಆಗ ಕೆರೆಯ ನೀರಗಂಟಿ ಬೀದಿಯ ತುದಿಯಲ್ಲಿ, "ಏರಿ ಬಾಯ್ಬುಟ್ಟದೆ, ಓಡ್ರೋ!" ಎಂದು ಅರಚಿದ. ಜಾಗಟೆ ಕೇಳಿಸಿತು. ಯಾರೂ ಚೀರಲಿಲ್ಲ, ಇದು ನನಗೆ ಇವತ್ತಿಗೂ ಆಶ್ಚರ್ಯ. ಹೆಂಗಸರು ತಮ್ಮ ತಮ್ಮ ಪಾಲಿನವರನ್ನು ಎತ್ತಿಕೊಂಡು ಹೊರಟೇಬಿಟ್ಟರು. ನಾನು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮಗ್ಗದ ಕೋಣೆಗೆ ಇಣುಕಿದೆ. ಯಜಮಾನರು ಗುಂಡಿಯಿಂದ ಮೇಲೆ ಬಂದಿದ್ದರು, ಆದರೆ ಹಾಸನ್ನು ಬಿಗಿದಿದ್ದ ಗೂಟದ ಮುಂದೆ ಕೂತು ಹಗ್ಗದ ಗಂಟು ಬಿಚ್ಚುತ್ತಿದ್ದರು. ಮದುವೆ ಸೀರೆಯ ಹಾಸು ಅದು. ಮೂರು ದಿನದ ಥಂಡಿಗೆ ಗಂಟು ಉಬ್ಬಿಕೊಂಡಿತ್ತು.

"ಕುಯ್ದು ಬನ್ರಿ!" ಎಂದೆ. ಕುಡುಗೋಲು ಪಕ್ಕದಲ್ಲೇ ಇತ್ತು.

"ಕುಯ್ಯದಾ? ಉಚ್ಚು ಇಡ್ದದಾ ನಿಂಗೆ? ನೀ ಅಪ್ಪನ್ ಕೈ ಇಡ್ಕಂಡ್ ನಡಿ. ಇದೊಂದ್ ಗಂಟು, ಬಂದೆ."

ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮಾವ. ಗುಡ್ಡೆ ಹತ್ತಿದೆ. ಹಿಂದೆಯೇ ನೀರು ಬಂತು, ಕೆಂಪಗೆ, ತೊಲೆ ಬಾಗಿಲುಗಳನ್ನು ಹೊತ್ತುಕೊಂಡು. ದೊಡ್ಡತ್ತೆ ಒಂದೊಂದೇ ಮನೆಯ ಹೆಸರು ಕೂಗುತ್ತಿದ್ದರು. ಎಲ್ಲ ಮನೆಯವರೂ ಬಂದಿದ್ದೇವೆ ಎಂದರು. ನಮ್ಮ ಮನೆಯ ಸರದಿ ಬಂದಾಗ ನಾನು ಕೆಳಗೆ ನಮ್ಮ ಬಾಗಿಲ ಕಡೆ ನೋಡಿದೆ. ಅವರಿಗೆ ತಿಳಿಯಿತು.

ಗುಡ್ಡೆಯ ಬುಡದಲ್ಲಿದ್ದ ನಮ್ಮ ಮನೆಯ ಮುಂದೆ ನೀರು ಇನ್ನೂ ಮೊಳಕಾಲಿನಷ್ಟೇ ಇತ್ತು. ಬಾಗಿಲು ಮೇಲಿನಿಂದ ಕಾಣುತ್ತಿತ್ತು. ಮಗುವನ್ನು ಮಾವನ ಮಡಿಲಿಗೆ ಹಾಕಿ ಓಡಲು ಎದ್ದೆ. ದೊಡ್ಡತ್ತೆ ನನ್ನ ರಟ್ಟೆ ಹಿಡಿದರು.

"ನಿನ್ ಪಾಲು ಯಾರವ್ವಾ?" ಎಂದರು.

"ಬುಡಿ ನನ್ನ!"

"ನಿನ್ ಪಾಲು ಯಾರು ಯೋಳು."

ಕುರುಡು ಮಾವ ನೆಲ ಬಡಿದುಕೊಂಡು ಅಳುತ್ತಿದ್ದರು. "ಬುಡೇ ಅಕ್ಕ, ಓಗ್ಲಿ ಬುಡೇ! ನನ್ ಮಗ ಕಣೇ ಅವ್ನು, ಕರ್ಕಬರ್ಲಿ!" ನಾನು ದೊಡ್ಡತ್ತೆಯ ಕೈ ಕಚ್ಚಿದೆ. ರಕ್ತ ಬಂತು. ಬಿಡಲಿಲ್ಲ. ಇನ್ನಿಬ್ಬರು ಹೆಂಗಸರನ್ನು ಕರೆದು ನನ್ನನ್ನು ಬಂಡೆಗೆ ಒತ್ತಿ ಹಿಡಿಸಿದರು. ನಮ್ಮ ಮನೆಯ ಮಣ್ಣುಗೋಡೆ ನಾನು ನೋಡುತ್ತಿದ್ದಂತೆಯೇ ಒಳಕ್ಕೆ ಕುಸಿಯಿತು, ಅದರ ಮೇಲೆ ಸೂರು ಕೂತಿತು. ಬಾಗಿಲಿಂದ ಯಾರೂ ಈಚೆಗೆ ಬರಲಿಲ್ಲ.

ಮಾರನೆಯ ದಿನ ಮಣ್ಣು ತೆಗೆದಾಗ ಅವರು ಗೂಟದ ಹತ್ತಿರವೇ ಸಿಕ್ಕರು. ಗಂಟು ಅರ್ಧ ಬಿಚ್ಚಿತ್ತು. ಮಾವ ತಡಕಾಡಿ ಆ ಹಗ್ಗ ಮುಟ್ಟಿ ನೋಡಿದರು. ಅವತ್ತಿನಿಂದ ಅವರ ಬಾಯಲ್ಲಿ ಮಗ್ಗದ ಮಾತೇ ಬರಲಿಲ್ಲ, ಎರಡು ತಿಂಗಳಿಗೆ ಹೋಗಿಬಿಟ್ಟರು.

ಕವಾಯತಿಗೆ ಸೇರದ ಪಕ್ಕದ ಬೀದಿಗಳಲ್ಲಿ ಮನೆಮನೆಗೂ ಹೆಣ ಬಿದ್ದಿತ್ತು. ನಮ್ಮ ಬೀದಿಯಲ್ಲೂ ಕೆಳಗಿನ ಕೇರಿಯಲ್ಲೂ ಸೇರಿ ಸತ್ತವರು ಒಬ್ಬರೇ. ಜನ ಬಂದು ದೊಡ್ಡತ್ತೆಯ ಕಾಲಿಗೆ ಬಿದ್ದರು. ಒಬ್ಬರೇ, ಒಬ್ಬರೇ ಎಂದು ಅವರು ಕೊಂಡಾಡುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಒಬ್ಬರು ನನ್ನವರು. ನಾನು ಓಡಿದ್ದರೆ ಕರೆತರುತ್ತಿದ್ದೆನೋ ಏನೋ. ಹತ್ತು ಹೆಜ್ಜೆ, ಒಂದು ಕುಡುಗೋಲಿನ ಏಟು. ಈ ಲೆಕ್ಕವನ್ನು ಮಲಗಿದಾಗಲೂ ಎದ್ದಾಗಲೂ ಹಾಕುತ್ತಿದ್ದೆ.

ನಾಲ್ಕು ವರ್ಷ ನಾನು ದೊಡ್ಡತ್ತೆಯ ಜೊತೆ ಮಾತಾಡಲಿಲ್ಲ. ಮತ್ತೆ ಕಟ್ಟಿದ ಒಂದೇ ಸೂರಿನ ಕೆಳಗೆ, ಅವರ ತಟ್ಟೆಗೆ ಮುದ್ದೆ ಇಡುತ್ತಿದ್ದೆ, ನೀರು ಕಾಯಿಸಿ ಕೊಡುತ್ತಿದ್ದೆ, ಮಾತು ಮಾತ್ರ ಇಲ್ಲ. ಅವರೂ ಒತ್ತಾಯಿಸಲಿಲ್ಲ. ಬೆಳಿಗ್ಗೆ ಎಂದಿನಂತೆ ಕಣ್ಣು ಮುಚ್ಚಿ ಕೂರುವರು, ಹುಣ್ಣಿಮೆಗೆ ಜಾಗಟೆ ಬಡಿಯುವರು. ಈಗ ಯಾರೂ ನಗುತ್ತಿರಲಿಲ್ಲ. ಗುಡ್ಡೆಯ ಮೇಲೆ ನಮ್ಮ ಮನೆಯ ಹೆಸರು ಬಂದಾಗ ನಾನು ಬಾಯಿ ಬಿಡುತ್ತಿರಲಿಲ್ಲ, ನನ್ನ ಪರವಾಗಿ ಅವರೇ ಹೇಳುವರು.

ಕೊನೆಗೆ ಅವರಿಗೆ ಎದೆನೋವು ಹಿಡಿಯಿತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, ನಾನು ಕೇಳದೆಯೇ ಹೇಳಿದರು.

"ಬರ್ಮಾ ದಾರೀಲಿ ನಮ್ಮೋರು ಪೆಟ್ಟಿಗೆ ಬುಟ್ಟು ಬಂದ್ನಲ್ಲಾ ಅಂತ ವಾಪಸ್ ಓದ್ರು. ಬರ್ನಿಲ್ಲ. ಮಗೀನ ಯಾರೋ ಗುರ್ತಿಲ್ಲದೋರ ಕೈಲಿ ಕೊಟ್ಟು ನಾ ಉಡುಕ್ಕಂಡ್ ಓದೆ ಕಣವ್ವಾ. ಅವ್ರೂ ಸಿಗ್ನಿಲ್ಲ. ತಿರುಗಿ ಬಂದ್ರೆ ಮಗೀನೂ ಇರ್ನಿಲ್ಲ. ಆರ್ ದಿನ ಆ ಕಾಡಲ್ಲಿ ಕೂಗ್ದೆ."

ನಾನು ಲೋಟ ಕೆಳಗಿಟ್ಟೆ. ಅವರು ಉಸಿರು ಸುಧಾರಿಸಿಕೊಂಡು ಕೇಳಿದರು.

"ನನ್ ಮ್ಯಾಲೆ ಕ್ವಾಪ ಅದಾ ಇನ್ನೂ?"

ಸುಳ್ಳು ಹೇಳಲಾಗಲಿಲ್ಲ. "ಅದೆ," ಎಂದೆ. ನಾಲ್ಕು ವರ್ಷದ ಮೇಲೆ ನಾನು ಅವರಿಗೆ ಆಡಿದ ಮೊದಲ ಮಾತು ಅದು.

"ಇರ್ಲಿ ಬುಡು. ಕ್ವಾಪ ಮಾಡ್ಕಳಕ್ಕೆ ನೀ ಇದ್ದೀಯಲ್ಲ, ಸಾಕು."

ಮೂರನೆಯ ದಿನ ತೀರಿಕೊಂಡರು. ಈ ಸಲ ಮಾಡಿದ ತಿಥಿಗೆ ಕೆಳಗಿನ ಕೇರಿಯವರೂ ಬಂದು ನಮ್ಮ ಜಗಲಿಯಲ್ಲೇ ಕೂತು ಉಂಡರು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲಿನ ಹುಣ್ಣಿಮೆಗೆ ಜಾಗಟೆ ಯಾರು ಬಡಿಯಬೇಕೆಂದು ಬೀದಿಯಲ್ಲಿ ಚರ್ಚೆ ನಡೆದಿತ್ತು. ನಾನು ಎದ್ದು ತೆಗೆದುಕೊಂಡೆ. ನನ್ನ ಕೋಪ ಪೂರ್ತಿ ಹೋಗಿದೆ ಎಂದು ಈಗಲೂ ಹೇಳಲಾರೆ, ಗೋಡೆ ಕುಸಿದ ಸದ್ದು ಕಿವಿಯಲ್ಲಿ ಇರುವವರೆಗೂ ಅದು ಇರುತ್ತದೆ. ಆದರೆ ಈಗ ಏಳು ತುಂಬಿದ ಮಗಳು ಬೆಳಿಗ್ಗೆ ಬೆನ್ನು ತಿರುಗಿಸಿ ಜಡೆ ಹಾಕು ಎಂದು ನನ್ನ ಮುಂದೆ ಬಂದು ಕೂರುತ್ತಾಳಲ್ಲ, ಆಗ ಕೆಲವು ದಿನ ದೊಡ್ಡತ್ತೆ ಹಿಡಿದ ರಟ್ಟೆ ನೆನಪಾಗಿ ಬಾಚಣಿಗೆ ಹಿಡಿದ ಕೈ ನಿಂತುಬಿಡುತ್ತದೆ. ಯಾಕವ್ವಾ ಎಂದು ಅವಳು ತಿರುಗಿ ನೋಡುತ್ತಾಳೆ. ಏನಿಲ್ಲ, ಸುಮ್ಮನೆ ಕೂತಿರು ಎನ್ನುತ್ತೇನೆ.