ಹೀರೆ ಹೂವಿನ ವಾಸನೆ ಮತ್ತು ಅವ್ವ

ಸುರಪುರದ ಹೊರಗೆ, ಶಹಾಪುರದ ರಸ್ತೆಗೆ ಅಂಟಿಕೊಂಡ ಬಾಡಿಗೆ ಮನೆಯಲ್ಲಿ ನಾನೂ ಅವ್ವನೂ ಇದ್ದೇವೆ. ನಾನು ಶಹಾಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಅವ್ವ ವನದುರ್ಗದ ಕಡೆಯವಳು, ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ಅಪ್ಪ ತೀರಿಕೊಂಡ ಮೇಲೆ, ಒಬ್ಬಳೇ ಇದ್ದ ನನ್ನ ಜೊತೆಗೆ ಬಂದಳು. ಬಂದ ವರ್ಷವೇ ಹಿತ್ತಲಿನ ಗರಸು ಮಣ್ಣು ಅಗೆದು ಹೀರೆ ಬೀಜ ಊರಿದಳು. ಬಳ್ಳಿ ಎದ್ದಾಗ ಹಗ್ಗ ಕಟ್ಟಿ ಬೇವಿನ ಗಿಡಕ್ಕೆ ಹಬ್ಬಿಸಿದಳು.

ಹೀರೆ ಹೂ ಬಿಚ್ಚುವುದು ಸಂಜೆ. ನಮ್ಮ ಕಡೆಯ ಬಿಸಿಲು ಇಳಿದು ಕಲ್ಲುಗಳು ಆರತೊಡಗಿದಾಗ ಮೊಗ್ಗು ಸಡಿಲುತ್ತದೆ, ಹಳದಿ ಎಸಳು ಹೊರಗೆ ಬರುತ್ತದೆ, ಅದರ ಹಿಂದೆಯೇ ಒಂದು ತೆಳು ಸಿಹಿ ವಾಸನೆ. ಹಗಲೆಲ್ಲ ಹೂ ಅದನ್ನು ಖರ್ಚು ಮಾಡುವುದಿಲ್ಲ. ಅದರ ಬಳಗ ಬರುವುದೇ ಕತ್ತಲಾಗುವ ಹೊತ್ತಿಗೆ: ಬೂದು ಬಣ್ಣದ ಪತಂಗಗಳು, ಗೂಡಿಗೆ ತಡವಾಗಿ ಮರಳುವ ಜೇನು. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಎರಡರ ವಾಸನೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹುಳ ಅದರಿಂದ ಇದಕ್ಕೆ ಹೋಗುತ್ತದೆ. ಹೋಗುವಾಗ ಮೈಗೆ ಹತ್ತಿದ ಪರಾಗ ತಲುಪಿಸುತ್ತದೆ. ಇದನ್ನು ನಾನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ಅವ್ವ ಹಿತ್ತಲ ಬಾಗಿಲಿನಲ್ಲಿ ಹೊರಸಿನ ಮೇಲೆ ಕೂತು, ನಾನು ಚಪ್ಪಲಿ ಬಿಡುವ ಹೊತ್ತಿಗೆ ಹೇಳುತ್ತಿದ್ದಳು, "ಹೂ ಬಿಚ್ಯಾವ ನೋಡು. ವಾಸ್ನಿ ಬಂತು."

ಮೊದಲ ಎರಡು ವರ್ಷ ಕಾಯಿ ಸಾಕಷ್ಟು ಬಂದವು. ನಾವು ತಿಂದು, ಅಕ್ಕಪಕ್ಕದವರಿಗೂ ಕೊಟ್ಟೆವು. ಆಮೇಲೆ ರಸ್ತೆ ಅಗಲವಾಯಿತು. ಹಗಲೂ ಇರುಳೂ ಲಾರಿ. ಮನೆಯ ಮುಂದೆ ಎತ್ತರದ ಕಂಬ ನೆಟ್ಟು ದೊಡ್ಡ ದೀಪ ಹಾಕಿದರು. ಹಿಂದಿನ ಹೊಲಕ್ಕೆ ಕಾಲುವೆ ನೀರು ಬಂದು ಹತ್ತಿ, ಮೆಣಸಿನಕಾಯಿ ಶುರುವಾಗಿತ್ತು. ವಾರಕ್ಕೊಮ್ಮೆಯಾದರೂ ಹುಳ ಕೊಲ್ಲುವ ಎಣ್ಣೆ ಹೊಡೆಯುತ್ತಿದ್ದರು. ಆ ವರ್ಷ ಬಳ್ಳಿ ತುಂಬ ಹೂವಿದ್ದರೂ ಹೀಚು ಬೆರಳಿನಷ್ಟಾಗಿ ಹಳದಿ ತಿರುಗಿ ಉದುರತೊಡಗಿತು.

"ಯಾರದೋ ಕಣ್ಣು ಹತ್ಯಾದ," ಎಂದಳು ಅವ್ವ.

"ಕಣ್ಣಲ್ಲವ್ವ, ಹುಳ ಬರಾಕತ್ತಿಲ್ಲ," ಎಂದೆ. ಲಾರಿಯ ಹೊಗೆ ಹೂವಿನ ವಾಸನೆಯ ಜೊತೆ ಬೆರೆತು ಅದನ್ನು ಗಾಳಿಯಲ್ಲೇ ಒಡೆದುಹಾಕುತ್ತದೆ. ದೂರದ ಪತಂಗಕ್ಕೆ ಅದು ಮುಟ್ಟುವುದಿಲ್ಲ. ಮುಟ್ಟಿದರೂ ಗುರುತು ಸಿಗುವುದಿಲ್ಲ. ಗುರುತು ಸಿಕ್ಕಿ ಹೊರಟದ್ದು ದೀಪದ ಸುತ್ತ ತಿರುಗಿ ಸಾಯುತ್ತದೆ. ಅವ್ವ ಇದನ್ನೆಲ್ಲ ಕೇಳಿ ಬಳ್ಳಿಯ ಕಡೆಗೆ ತಿರುಗಿದಳು. "ಹಂಗಂದ್ರ ಇವು ಸುಮ್ನ ಕೂಗಾಕತ್ಯಾವಾ?" ಎಂದಳು.

ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿನ ಅಂಟು ತುದಿಗೆ ಮೆಲ್ಲಗೆ ಒರೆಸುವುದನ್ನು ಅವಳಿಗೆ ತೋರಿಸಿದೆ. ಅವಳಿಗೆ ಅದು ಬಹಳ ಹಿಡಿಸಿತು. ಸಂಜೆಯಾದರೆ ಸ್ಟೂಲು ಎಳೆದುಕೊಂಡು ಬಳ್ಳಿಯ ಕೆಳಗೆ ನಿಲ್ಲುತ್ತಿದ್ದಳು. "ನೀ ಅಂತೂ ಮದುವಿ ಆಗಲಿಲ್ಲ, ಇವುಗಳದರ ಮಾಡ್ತೀನಿ," ಎಂದು ನಗುತ್ತಿದ್ದಳು. ಅವಳು ಮುಟ್ಟಿದ ಹೂವೆಲ್ಲ ಕಾಯಾದವು. ನಮ್ಮಿಬ್ಬರ ಕೊನೆಯ ಒಳ್ಳೆಯ ಕಾಲ ಅದೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ನಾನು ತಲೆಗೆ ಎರೆದುಕೊಂಡು ಹೊರಬಂದಾಗ ಮನೆಯೆಲ್ಲ ಸುಟ್ಟ ಹಾಲಿನ ನಾತ. ಪಾತ್ರೆಯ ತಳ ಕಪ್ಪಾಗಿ ಹೊಗೆ ಏಳುತ್ತಿತ್ತು. ಅವ್ವ ಒಲೆಗೆ ಬೆನ್ನು ಮಾಡಿ, ಎರಡೇ ಮಾರು ದೂರದಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು.

"ಅವ್ವಾ, ಹಾಲು ಹೊತ್ತಿ ಹೋಗ್ಯಾದ. ವಾಸ್ನಿ ಬರಲಿಲ್ಲೇನು?"

ತಿರುಗಿ ನೋಡಿ ಗಾಬರಿಯಾದಳು. ಮೊದಲು ನೆಗಡಿ ಎಂದಳು. ನೆಗಡಿ ಇರಲಿಲ್ಲ. ನಾನು ಎದುರಿಗೆ ಕೂತಾಗ ಸೊಪ್ಪಿನ ಕಡ್ಡಿಯನ್ನು ಮುರಿಯುತ್ತ ಹೇಳಿದಳು, "ನನಗ ಬಾಳ ದಿನದಿಂದ ಯಾವ ವಾಸ್ನಿನೂ ಬರಂಗಿಲ್ಲ."

"ಮತ್ತ ದಿನಾ ಸಂಜಿಗೆ ಹೂವಿನ ವಾಸ್ನಿ ಬಂತು ಅಂತಿದ್ದೆಲ್ಲ?"

"ಕಣ್ಣಿಂದ ನೋಡಿ ಹೇಳ್ತಿದ್ದೆ. ನೀ ದಣದು ಬಂದಿರ್ತಿದ್ದಿ. ಏನರ ಒಂದು ಹೇಳಬೇಕಲ್ಲ."

ಯಾದಗಿರಿಯ ದವಾಖಾನೆಗೆ ಕರೆದುಕೊಂಡು ಹೋದೆ. ಮೂಗಿನ ಡಾಕ್ಟರು ದೀಪ ಹಾಕಿ ಮೂಗಿನೊಳಗೆ ನೋಡಿದರು, ಅಲ್ಲೇನೂ ಇರಲಿಲ್ಲ. ಆಮೇಲೆ ಅವರ ಕಣ್ಣು ಅವ್ವನ ತೊಡೆಯ ಮೇಲಿದ್ದ ಬಲಗೈಯ ಮೇಲೆ ನಿಂತಿತು. ಹೆಬ್ಬೆರಳು ತೋರುಬೆರಳು ತಾವಾಗಿಯೇ ಏನನ್ನೋ ಉರುಳಿಸುತ್ತಿದ್ದವು. ನಾನು ಅದನ್ನು ನೋಡಿದ್ದೆ, ವಯಸ್ಸು ಎಂದುಕೊಂಡಿದ್ದೆ. "ಮೇಡಂ, ಕಲಬುರಗಿಯೊಳಗ ನರದ ಡಾಕ್ಟರಿಗೆ ಒಮ್ಮೆ ತೋರಿಸ್ರಿ," ಎಂದು ಚೀಟಿ ಬರೆದರು.

ಕಲಬುರಗಿಯಲ್ಲಿ ಅವ್ವನನ್ನು ನಡೆಸಿ ನೋಡಿದರು, ಬೆರಳಿಗೆ ಬೆರಳು ತಟ್ಟಿಸಿ ನೋಡಿದರು. ನಡುಕದ ರೋಗ. ಮಿದುಳಿನಲ್ಲಿ ಒಂದು ರಸಾಯನ ಬತ್ತುತ್ತ ಹೋಗುತ್ತದೆ, ಹಲವರಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ವಾಸನೆ ಹೋಗಿರುತ್ತದೆ ಎಂದರು. ಗುಳಿಗೆಯಿಂದ ಕೈಗೆ ಸ್ವಲ್ಪ ಅನುಕೂಲ, ಮೂಗಿಗೆ ಇಲ್ಲ.

"ಆರಾಮ ಆಗತೈತೇನ್ರಿ?" ಎಂದು ಅವ್ವ ತಾನೇ ಕೇಳಿದಳು.

"ಇದು ಹಂಗ ಹೋಗೋ ಜಡ್ಡಲ್ಲರಿ ಅಮ್ಮ," ಎಂದರು ಡಾಕ್ಟರು. ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆಗೆ ಮುಖ ಮಾಡಿ ಕೂತಳು.

ಮುಂದಿನ ಹಂಗಾಮಿಗೆ ಅವ್ವನ ಕೈ ಅವಳ ಮಾತು ಕೇಳುವುದನ್ನು ಬಿಟ್ಟಿತು. ಗಂಡು ಹೂ ಹಿಡಿದು ಹೆಣ್ಣು ಹೂವಿನ ಹತ್ತಿರ ಒಯ್ದರೆ ಬೆರಳು ಬಡಿದು ಹೆಣ್ಣು ಹೂವೇ ಮುರಿದು ಕೆಳಗೆ ಬೀಳುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದು ನೋಡಿದಳು. "ನಾ ಮಾಡ್ತೀನಿ ಬಿಡವ್ವ," ಎಂದೆ. "ನೀ ಬರೋದ್ರೊಳಗ ಕತ್ತಲಾಗ್ತದ, ಹೂ ಏನು ನಿನ್ನ ಬಸ್ಸಿಗೆ ಕಾಯ್ತಾವೇನು?" ಎಂದು ಸಿಟ್ಟಾದಳು. ಒಂದು ಸಂಜೆ ನಾನು ಬರುವಾಗ ಬಳ್ಳಿಯ ಕೆಳಗೆ ಮುರಿದ ಹೂಗಳು ಬಿದ್ದಿದ್ದವು, ಪ್ರತಿಯೊಂದರ ಹಿಂದೆ ಒಂದೊಂದು ಹಸಿರು ಹೀಚು. ಸ್ಟೂಲು ಒಳಗೆ ಬಂದಿತ್ತು. ಮತ್ತೆ ಅವಳು ಅದನ್ನು ಹೊರಗೆ ಒಯ್ಯಲಿಲ್ಲ.

ವಾಸನೆಯ ಅಭ್ಯಾಸ ಮಾಡಿಸಿದರೆ ಕೆಲವರಿಗೆ ಸ್ವಲ್ಪ ಮರಳಬಹುದು ಎಂದು ಎಲ್ಲೋ ಓದಿದೆ. ಲವಂಗ, ಕರ್ಪೂರ, ನಿಂಬೆ ಸಿಪ್ಪೆ ಮೂರನ್ನೂ ಬೇರೆಬೇರೆ ಸ್ಟೀಲ್ ಡಬ್ಬಿಗಳಲ್ಲಿಟ್ಟು ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಒಂದೊಂದಾಗಿ ಅವಳ ಮೂಗಿಗೆ ಹಿಡಿಯುತ್ತಿದ್ದೆ. ಬಹಳ ದಿನ ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಒಂದು ದಿನ "ಸಣ್ಣಗ ಬಂತು ನೋಡು," ಎಂದಳು. ಮರುದಿನವೂ ಬಂತು. ನಾನು ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ಒಂದು ಮುಂಜಾನೆ ಗಡಿಬಿಡಿಯಲ್ಲಿ ಮೊದಲ ಡಬ್ಬಿ ಹಿಡಿದೆ. ಅವ್ವ ಕಣ್ಣು ಮುಚ್ಚಿ ಉಸಿರೆಳೆದು, "ಲವಂಗ. ಇವತ್ತು ಛಲೋ ಬರಾಕತ್ತದ," ಎಂದಳು. ಡಬ್ಬಿ ಖಾಲಿ ಇತ್ತು. ಹಿಂದಿನ ದಿನ ತೊಳೆದು ಬೋರಲು ಹಾಕಿದ್ದೆ, ಲವಂಗ ಹಾಕುವುದನ್ನು ಮರೆತಿದ್ದೆ.

ನಾನು ಮುಚ್ಚಳ ಹಾಕಿ ಎರಡನೆಯದನ್ನು ತೆರೆದೆ. "ಕರ್ಪೂರ," ಎಂದಳು. ಮೂರನೆಯದಕ್ಕೆ ನಿಂಬೆ. ದಿನಾ ಅದೇ ಸರದಿ. ಕಣ್ಣು ತೆರೆದು ನನ್ನ ಮುಖ ನೋಡಿದಳು, ನಾನು "ಶಾಣ್ಯಾಕಿ ಆಗೀದಿ ನೋಡವ್ವ," ಎಂದೆ. ಮರುದಿನದಿಂದ ನಾನು ಡಬ್ಬಿಗಳನ್ನು ಹೊರಗೆ ತೆಗೆಯಲಿಲ್ಲ, ಅವಳೂ ಕೇಳಲಿಲ್ಲ.

ಇನ್ನು ಹುಳ ಬರುವುದಿಲ್ಲ ಎಂದು ಬಳ್ಳಿಗೆ ಹೇಳುವವರು ಯಾರೂ ಇರಲಿಲ್ಲ. ಒಣಗುವವರೆಗೂ ಅದು ಸಂಜೆ ಹೂ ಬಿಚ್ಚುತ್ತಲೇ ಇತ್ತು. ಈ ವರ್ಷ ಬೀಜ ಊರಿಲ್ಲ. ನಾನು ಕಾಲೇಜಿಗೆ ಹೋದಾಗ ಅವ್ವನ ಬಳಿ ಪಕ್ಕದ ಮನೆಯ ಹೆಣ್ಣುಮಗಳು ಇರುತ್ತಾಳೆ. ಅವ್ವನಿಗೀಗ ತುತ್ತು ಬಾಯಿಗೆ ಒಯ್ಯುವುದೂ ಆಗುವುದಿಲ್ಲ. ರಾತ್ರಿ ಊಟ ನಾನೇ ಮಾಡಿಸುತ್ತೇನೆ. ವಾಸನೆ ಇಲ್ಲದ ಮೇಲೆ ಅವಳ ನಾಲಿಗೆಗೆ ಉಪ್ಪು, ಖಾರ, ಸಿಹಿ, ಹುಳಿ ಬಿಟ್ಟರೆ ಉಳಿದದ್ದೆಲ್ಲ ಮಣ್ಣು.

ನಿನ್ನೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಅವಳ ಬಾಯಿಗೆ ಇಡುತ್ತಿದ್ದೆ. ಮೆಲ್ಲನೆ ಅಗಿಯುತ್ತ, "ಇದೇನು?" ಎಂದಳು.

"ರೊಟ್ಟಿ, ಹಾಲು."

"ಹೌದಾ," ಎಂದು ನುಂಗಿದಳು. ಮುಂದಿನ ತುತ್ತಿಗೂ ಅದನ್ನೇ ಕೇಳಿದಳು. ನಾನು ಹೇಳಿದೆ.