ಎದುರು ಬಾಗಿಲ ನೀಲಿ ಕಣ್ಣು

ಎದುರು ಮನೆಯ ಅಕ್ಕನ ಬಾಯಿ ಒಳ್ಳೆಯದು, ಕಣ್ಣೇ ಸರಿಯಿಲ್ಲ ಎನ್ನುವುದು ನೈರೋಬಿಯ ನಮ್ಮ ಕನ್ನಡದ ಹೆಂಗಸರ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಕ್ಕನಿಗೊಬ್ಬರಿಗೆ ಇದು ಗೊತ್ತಿಲ್ಲ ಎಂದು ನಾವು ನಂಬಿಕೊಂಡಿದ್ದೆವು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ತುಮಕೂರಿನ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಹರ್ಲಿಂಗ್‌ಹ್ಯಾಮ್‌ನ ಅಂಗಡಿ ಸಾಲಿನ ಹಿಂದಿರುವ ಅಪಾರ್ಟ್‌ಮೆಂಟಿನಲ್ಲಿ ಅವರ ಬಾಗಿಲೂ ನಮ್ಮ ಬಾಗಿಲೂ ಎದುರುಬದುರು. ಹೊಗಳುವುದು ಅವರ ಸ್ವಭಾವ. ಕಂಡದ್ದನ್ನೆಲ್ಲ ಬಾಯಿ ತುಂಬ ಹೊಗಳುತ್ತಾರೆ. ನನ್ನ ಹೊಸ ಮಿಕ್ಸಿ ನೋಡಿ, "ಎಷ್ಟು ಸೈಲೆಂಟಾಗಿದೆಯೇ ಇದು!" ಎಂದರು. ಅದೇ ವಾರ ಮಿಕ್ಸಿ ಶಾಶ್ವತವಾಗಿ ಸೈಲೆಂಟಾಯಿತು. ನನ್ನ ಮಗಳ ಜಡೆ ಹಿಡಿದು, "ಏನು ಕೂದಲೇ ಇದು, ನಾಗರಹಾವು ಇದ್ದಂಗಿದೆ" ಎಂದರು. ಅವಳು ಸ್ಕೂಲಿನಿಂದ ತಲೆ ತುಂಬ ಹೇನು ಹೊತ್ತು ತಂದಳು, ನಾಗರಹಾವು ಕತ್ತರಿಗೆ ಹೋಯಿತು.

ನಾನು ಬಿಎಸ್ಸಿ ಓದಿದವಳು, ಇಂಥದನ್ನೆಲ್ಲ ನಂಬುವುದಿಲ್ಲ. ಆದರೂ ಅಕ್ಕ ಬಂದು ಹೋದ ಮೇಲೆ ಎರಡು ಒಣಮೆಣಸಿನಕಾಯಿ, ಒಂದು ಹಿಡಿ ಉಪ್ಪು ಹಿಡಿದು ಮಗಳಿಗೆ ನಿವಾಳಿಸಿ ಒಲೆಯ ಮೇಲೆ ಸುಡುತ್ತಿದ್ದೆ. ನಂಬಿಕೆಯ ಪ್ರಶ್ನೆ ಅಲ್ಲ, ಇದು ಮುಂಜಾಗ್ರತೆ. ಮಗಳು ಕೆಮ್ಮುತ್ತ "ಅಮ್ಮಾ, ನಾಟ್ ಅಗೇನ್!" ಎಂದು ಬಾಲ್ಕನಿಗೆ ಓಡುತ್ತಿದ್ದಳು. ನಮ್ಮ ಯಜಮಾನರು ಸ್ಟೂಲ್ ಹತ್ತಿ, ಕೂಗಿಕೊಳ್ಳುತ್ತಿದ್ದ ಸ್ಮೋಕ್ ಅಲಾರಮ್ಮಿಗೆ ಟವೆಲ್ ಬೀಸುತ್ತಿದ್ದರು.

ಹಾಗಂತ ಅಕ್ಕ ನನಗೆ ಬೇಡದವರಾ? ಅಯ್ಯೋ, ಈ ಊರಿನಲ್ಲಿ ನಾನು ಬೆಲ್ ಒತ್ತದೆ ಒಳಗೆ ಹೋಗುವ ಬಾಗಿಲು ಅದೊಂದೇ. ನಾವು ಬಂದ ಹೊಸದರಲ್ಲಿ ಮಗಳಿಗೆ ಜ್ವರ ಏರಿ, ಯಜಮಾನರು ಕಾರ್ಖಾನೆ ಕೆಲಸಕ್ಕೆ ಮೊಂಬಾಸಾಗೆ ಹೋಗಿದ್ದಾಗ, ಬಟ್ಟೆ ಒದ್ದೆ ಮಾಡಿ ಹಣೆಗೆ ಹಾಕುತ್ತ ಕೂತವರು ಅವರು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ನನ್ನ ಮೊದಲನೆಯ ಮೊರದ ಬಾಗಿನ ಅವರಿಗೆ, ಅವರ ಮೊದಲನೆಯದು ನನಗೆ. ಆ ಬಾಗಿನ ಕೊಡದೆ ನನಗೆ ಹಬ್ಬ ಹಬ್ಬ ಅನ್ನಿಸುವುದಿಲ್ಲ.

ಆಗಸ್ಟ್ ರಜೆಯಲ್ಲಿ ನಾವು ಇಸ್ತಾಂಬುಲ್‌ಗೆ ಹೋದೆವು. ಯಜಮಾನರಿಗೆ ಮಸೀದಿ, ಅರಮನೆ, ಹಡಗು. ನನಗೆ ಬಜಾರು. ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ: ಯಾರು ಎಲ್ಲಿಗೆ ಹೋಗಿ ಬಂದರೂ ಎಲ್ಲರಿಗೂ ಏನಾದರೂ ತರಬೇಕು, ಎಲ್ಲರಿಗೂ ಒಂದೇ ಥರದ್ದಾಗಿರಬೇಕು. ಹಿಂದೊಮ್ಮೆ ಒಬ್ಬಾಕೆ ದುಬೈನಿಂದ ಕೆಲವರಿಗೆ ಸೆಂಟು, ಕೆಲವರಿಗೆ ಖರ್ಜೂರ ತಂದಿದ್ದಕ್ಕೆ, ಆ ಖರ್ಜೂರದವರು ಇವತ್ತಿಗೂ ಆಕೆಯ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ.

ಆ ಮುಚ್ಚಿದ ಬಜಾರಿನೊಳಗೆ ಕಾಲಿಟ್ಟರೆ ತಲೆ ಕೆಡುತ್ತದೆ. ಬಣ್ಣದ ಗಾಜಿನ ಚೂರು ಅಂಟಿಸಿದ ದೀಪಗಳು, ನೀಲಿ ಕೆಂಪು ಹೂವು ಬರೆದ ಪಿಂಗಾಣಿ ತಟ್ಟೆಗಳು, ಒಳಗೆ ಕಲಾಯಿ ಹಾಕಿದ ತಾಮ್ರದ ಕಾಫಿ ಪಾತ್ರೆಗಳು. ಉದ್ದ ಹಿಡಿಯ ಆ ಪಾತ್ರೆ ನೋಡಿ, ಒಗ್ಗರಣೆ ಸೌಟಿಗೆ ಎಷ್ಟು ಲಾಯಕ್ಕು ಎಂದು ಒಂದು ಕೈಗೆತ್ತಿಕೊಂಡೆ. "ಕಾಯ್ದ ಎಣ್ಣೆಗೆ ಕಲಾಯಿ ಕರಗಿ ಸಾರಿಗೆ ಬೀಳುತ್ತೆ, ಇಡು ಕೆಳಗೆ" ಎಂದರು ಯಜಮಾನರು. ಇಂಜಿನಿಯರನ್ನು ಬಜಾರಿಗೆ ಕರೆದುಕೊಂಡು ಹೋಗಬಾರದು.

ಚೌಕಾಸಿಯಲ್ಲಿ ನಾನು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಪಳಗಿದವಳು. ರೇಟು ಕೇಳುವುದು, ಮುಖ ಸಿಂಡರಿಸುವುದು, ಎದ್ದು ಹೊರಡುವುದು, ಅವರಾಗಿಯೇ ಕರೆಯುವವರೆಗೆ ತಿರುಗಿ ನೋಡದಿರುವುದು. ಇದು ನೈರೋಬಿಯ ಕರಕುಶಲ ಸಂತೆಯಲ್ಲೂ ನಡೆಯುತ್ತದೆ. ಇಸ್ತಾಂಬುಲ್‌ನಲ್ಲಿ ನಡೆಯಲಿಲ್ಲ. ಕಾರಣ, ಆ ಜನ ರೇಟು ಹೇಳುವ ಮೊದಲು ಕೂರಿಸಿ, ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಟೀ ಕೊಡುತ್ತಾರೆ. ಒಬ್ಬರ ಮನೆಯ ಟೀ ಕುಡಿದು, "ನಿಮ್ಮದು ಜಾಸ್ತಿ ಆಯ್ತು, ಬರ್ತೀನಿ" ಎಂದು ಎದ್ದು ಬರಲು ನಮ್ಮಮ್ಮ ನನ್ನನ್ನು ಬೆಳೆಸಿಲ್ಲ. ಹಾಗೆ ಟೀ ಕುಡಿದೂ ಕುಡಿದೂ ಬೇಡದ ಎರಡು ಕುಶನ್ ಕವರು, ಮೂರು ಸಾಬೂನು, ಒಂದು ಟೊಪ್ಪಿಗೆ ನಮ್ಮ ಚೀಲ ಸೇರಿದವು. ಟೊಪ್ಪಿಗೆ ಯಾರದು ಎಂದು ಈವರೆಗೆ ತೀರ್ಮಾನವಾಗಿಲ್ಲ.

ಗುಂಪಿಗೆ ಏನು ಕೊಳ್ಳುವುದು? ಸಿಹಿ ಎಂದರೆ ಕೆಲವರಿಗೆ ಶುಗರ್, ಇನ್ನು ಕೆಲವರಿಗೆ ಅದರಲ್ಲಿ ಜೆಲಟಿನ್ ಇದೆಯೋ ಎಂಬ ಅನುಮಾನ. ಪಿಂಗಾಣಿ ಒಡೆಯುತ್ತದೆ. ಅಷ್ಟರಲ್ಲಿ ಒಂದು ಅಂಗಡಿಯ ತುಂಬ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ನೀಲಿ ಗಾಜು, ನಡುವೆ ಬಿಳಿ, ಅದರೊಳಗೆ ತಿಳಿ ನೀಲಿ, ಮಧ್ಯೆ ಕಪ್ಪು ಬೊಟ್ಟು. ಅಲ್ಲಿಯ ಜನ ಮನೆ ಬಾಗಿಲಿಗೆ, ಕಾರಿಗೆ, ಮಗುವಿನ ಅಂಗಿಗೆ ಕಟ್ಟುತ್ತಾರಂತೆ, ದೃಷ್ಟಿ ತಾಗದಿರಲಿ ಎಂದು. ನಮ್ಮ ದೃಷ್ಟಿ ಬೊಟ್ಟೇ ತಾನೇ! ಹಗುರ, ಚೆಂದ, ಎಲ್ಲರಿಗೂ ಒಂದೇ ಥರ. ಡಜನ್ನಿನ ಲೆಕ್ಕದಲ್ಲಿ ಸಣ್ಣವನ್ನು ಆರಿಸಿಕೊಂಡೆ.

ಆಗ ಅಂಗಡಿಯ ಮುದುಕರು, ಆ ಹೊತ್ತಿಗೆ ನಾನು ಅವರ ಎರಡನೆಯ ಲೋಟ ಟೀ ಕುಡಿಯುತ್ತಿದ್ದೆ, ಗೋಡೆಯಿಂದ ಊಟದ ತಟ್ಟೆಯಷ್ಟು ದೊಡ್ಡ ಕಣ್ಣೊಂದನ್ನು ಇಳಿಸಿ ನನ್ನ ತೊಡೆಯ ಮೇಲಿಟ್ಟರು. ಕುಲುಮೆಯಲ್ಲಿ ಗಾಜು ಕರಗಿಸಿ ಕೈಯಿಂದಲೇ ಮಾಡಿದ್ದು, ಯಂತ್ರದ್ದಲ್ಲ, ನಿಮಗೆ ಬಹಳ ಬೇಕಾದವರು ಯಾರೋ ಅವರಿಗೆ ಇದನ್ನು ಕೊಡಿ, ಎಂದು ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು. ಅದರೊಳಗೆ ಸಣ್ಣ ಸಣ್ಣ ಗುಳ್ಳೆಗಳು ನಿಂತುಬಿಟ್ಟಿದ್ದವು, ಬೆಳಕಿಗೆ ಹಿಡಿದರೆ ನೀಲಿ ಒಳಗಿನಿಂದ ಉರಿಯುತ್ತಿತ್ತು. ನನಗೆ ಬಹಳ ಬೇಕಾದವರು ಯಾರು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ.

"ಇದು ಎದುರು ಮನೆ ಅಕ್ಕಂಗೆ" ಎಂದೆ.

ಯಜಮಾನರು ನನ್ನನ್ನೂ ಕಣ್ಣನ್ನೂ ನೋಡಿದರು. "ಅಕ್ಕಂಗಾ? ಇದಾ? ಒಂದ್ ಸಲ ಯೋಚ್ನೆ ಮಾಡು."

"ನಿಮ್ಗೆ ಕೈ ಬಿಚ್ಚಿ ಕೊಡೋದು ಅಂದ್ರೇನೇ ಆಗಲ್ಲ ರೀ!" ಎಂದು ಬೈದೆ. ಅವರು ಟೀ ಲೋಟದೊಳಗೆ ಮುಖ ಇಟ್ಟುಕೊಂಡರು. ಈ ಮನುಷ್ಯ ಬೇಡದ ಕಡೆಯೆಲ್ಲ ಕಲಾಯಿ ಬಗ್ಗೆ ಭಾಷಣ ಮಾಡಿ, ಬೇಕಾದ ಕಡೆ ಬಾಯಿ ಮುಚ್ಚಿಕೊಂಡದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಆ ಕಣ್ಣನ್ನು ಸೂಟ್‌ಕೇಸಿಗೆ ಹಾಕಲು ಮನಸ್ಸು ಬರಲಿಲ್ಲ. ನನ್ನ ಎರಡು ಚೂಡಿದಾರದಲ್ಲಿ ಸುತ್ತಿ, ನೈರೋಬಿವರೆಗೆ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಬಂದ ವಾರ ನಮ್ಮ ಮನೆಯಲ್ಲಿ ಗುಂಪು ಸೇರಿತು. ಒಬ್ಬೊಬ್ಬರಿಗೂ ಪುಟ್ಟ ಪೊಟ್ಟಣ ಕೊಟ್ಟೆ, ಬಿಚ್ಚಿದರು, ಪುಟ್ಟ ನೀಲಿ ಕಣ್ಣು. ದೃಷ್ಟಿಗೆ ಕಟ್ಟುವುದು ಎಂದು ವಿವರಿಸಿದೆ. "ಅಯ್ಯೋ, ಎಷ್ಟು ಮುದ್ದಾಗಿದೆ" ಎಂದರು. ಕೊನೆಗೆ ಅಕ್ಕನ ಪೊಟ್ಟಣ. ಅಕ್ಕ ಕಾಗದ ಬಿಚ್ಚಿದರು, ಇನ್ನಷ್ಟು ಬಿಚ್ಚಿದರು, ತಟ್ಟೆಯಷ್ಟು ದೊಡ್ಡ ಕಣ್ಣು ಅವರ ತೊಡೆಯ ಮೇಲೆ ಕೂತು ನಮ್ಮನ್ನೆಲ್ಲ ನೋಡಿತು.

ಸೋಫಾದ ಮೂಲೆಯಿಂದ ಒಬ್ಬಾಕೆ ಚಕ್ಕುಲಿ ಬಾಯಲ್ಲಿಟ್ಟುಕೊಂಡೇ ಕಿಸಕ್ಕನೆ ನಕ್ಕಳು. ಆ ನಗು ಕೇಳಿದ ಕ್ಷಣ ನನಗೆ ನಾನು ಏನು ಮಾಡಿದೆ ಎನ್ನುವುದು ತಲೆಯಿಂದ ಕಾಲಿನವರೆಗೆ ಇಳಿಯಿತು.

"ಎಲ್ರಿಗೂ ಚಿಕ್ಕದು, ನಂಗೆ ಇಷ್ಟು ದೊಡ್ಡದಾ?" ಎಂದರು ಅಕ್ಕ.

"ಅಕ್ಕ, ನೀವು ಅಂದ್ರೆ ಸ್ಪೆಷಲ್ ಅಂತ..."

"ಗೊತ್ತಾಯ್ತು ಬಿಡು" ಎಂದು ಎದ್ದರು. "ಒಲೆ ಮೇಲೆ ಅನ್ನ ಇಟ್ ಬಂದಿದೀನಿ."

ಅನ್ನ ಇಟ್ಟಿರಲಿಲ್ಲ. ಅವತ್ತು ಏಕಾದಶಿ.

ಮರುದಿನ ಹಾಲು ತರಲು ಬಾಗಿಲು ತೆಗೆದರೆ ಎದುರು ಬಾಗಿಲ ಮೇಲೆ ಆ ನೀಲಿ ಕಣ್ಣು, ನೇರ ನನ್ನ ಮುಖಕ್ಕೆ. ಮೊದಲು ಹೆದರಿದೆ, ಆಮೇಲೆ ಉರಿದುಹೋಯಿತು. ತೊಡೆಯ ಮೇಲೆ ಹೊತ್ತು ತಂದದ್ದನ್ನು ನನ್ನ ಮೇಲೇ ಛೂ ಬಿಡುವುದಾ! ಅಕ್ಕ ಬರುವುದು ನಿಂತಿತು. ಲಿಫ್ಟಿನಲ್ಲಿ ಸಿಕ್ಕರೆ ಮಹಡಿಯ ಅಂಕಿಗಳನ್ನು ನೋಡುತ್ತಿದ್ದರು. ನಾನೂ ಈಗ ಆ ಬಾಗಿಲಿಗೆ ಬೆಲ್ ಒತ್ತಬೇಕೋ, ಒತ್ತದೆ ಹೋಗಬೇಕೋ ತಿಳಿಯದೆ ಎರಡು ಸಲ ಹೋಗಿ ವಾಪಸು ಬಂದೆ. ಗೌರಿ ಹಬ್ಬ ಹತ್ತಿರವಾಗುತ್ತಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಬಾಗಿಲಿಗೂ ಅಷ್ಟೇ ದೊಡ್ಡದನ್ನು ಹಾಕಿದರೆ? ನಿಮಗೆ ಬೇರೆ ಅಲ್ಲ, ನನಗೆ ಬೇರೆ ಅಲ್ಲ ಎಂದು ಹೇಳಿದ ಹಾಗಾಗುತ್ತದೆ. ವೆಸ್ಟ್‌ಲ್ಯಾಂಡ್ಸ್‌ನ ಮಾಲಿನಲ್ಲಿ ಟರ್ಕಿ ದೀಪಗಳ ಅಂಗಡಿಯೊಂದಿದೆ. ಟ್ರಾಫಿಕ್ಕಿನಲ್ಲಿ ಮಟಾಟು ವ್ಯಾನುಗಳ ಹಾರನ್ ಕೇಳುತ್ತ ಅರ್ಧ ದಿನ ಕಳೆದು, ಅಂಥದೇ ಕಣ್ಣು ತಂದು ನೇತುಹಾಕಿದೆ. ಇಲ್ಲಿ ಯಾರೂ ಟೀ ಕೊಡಲಿಲ್ಲ.

ಈಗ ಎರಡು ಕಣ್ಣುಗಳೂ ಕಾರಿಡಾರಿನಲ್ಲಿ ಒಂದನ್ನೊಂದು ದುರುಗುಟ್ಟಿ ನೋಡತೊಡಗಿದವು. ಪಾರ್ಸೆಲ್ ತಂದ ಬೋಡಾ ಬೈಕಿನವನು ನಡುವೆ ನಿಂತು ಆ ಕಡೆ ನೋಡಿದ, ಈ ಕಡೆ ನೋಡಿದ, "ಸವಾ, ಮಾಮಾ, ಸವಾ," ಸರಿ ಅಮ್ಮಾ ಸರಿ, ಎಂದು ಪೊಟ್ಟಣ ನೆಲದ ಮೇಲಿಟ್ಟು ಮೆಟ್ಟಿಲು ಇಳಿದ. ಅಕ್ಕ ಸಂಜೆ ಬಾಗಿಲು ತೆರೆದು ನನ್ನ ಬಾಗಿಲಿನ ಕಣ್ಣನ್ನು ನೋಡಿ, ಮತ್ತೆ ಮುಚ್ಚಿಕೊಂಡದ್ದು ನನಗೆ ಒಳಗಿನಿಂದಲೇ ಕೇಳಿಸಿತು.

"ಇನ್ನೇನು, ಕ್ಷಿಪಣಿ ತರೋದೊಂದು ಬಾಕಿ" ಎಂದರು ಯಜಮಾನರು.

ಗೌರಿ ಹಬ್ಬದ ದಿನ ನಾನು ಮೊರ ತುಂಬಿದೆ. ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಬಟ್ಟೆ, ತೆಂಗಿನಕಾಯಿ. ಮೊರ ತುಂಬುವಾಗ ಅಳು ಬಂತು, ಅದಕ್ಕೂ ಸಿಟ್ಟು ಬಂತು. ಅವರು ತೆಗೆದುಕೊಳ್ಳದಿದ್ದರೆ? ಮಗಳಿಗೆ ಹಸಿರು ರೇಷ್ಮೆ ಲಂಗ ಹಾಕಿ ಜೊತೆಗೆ ಕರೆದುಕೊಂಡು ಹೋಗಿ, ಬೆಲ್ ಒತ್ತಿದೆ. ಅಷ್ಟು ವರ್ಷದಲ್ಲಿ ಆ ಬೆಲ್ಲಿನ ಸದ್ದು ಹೇಗಿದೆ ಎಂದು ನಾನು ಕೇಳಿದ್ದೇ ಅವತ್ತು.

ಅಕ್ಕ ಬಾಗಿಲು ತೆರೆದರು. ಗೌರಿ ದಿನ ಬಾಗಿನ ತಂದ ಮುತ್ತೈದೆಗೆ ಬೇಡ ಎನ್ನುವಂತಿಲ್ಲ. ನಾನು ಸೆರಗು ಮುಚ್ಚಿ ಮೊರ ಚಾಚಿದೆ, ಅವರು ಸೆರಗು ಹಿಡಿದು ಮೊರಕ್ಕೆ ಕೈ ಹಚ್ಚಿದರು. ಆದರೆ ಎಳೆದುಕೊಳ್ಳಲಿಲ್ಲ. ಮೊರ ಇಬ್ಬರ ಕೈಯಲ್ಲೂ ನಿಂತಿತು.

"ನಂಗೆ ಮೂಗಿಲ್ಲ ಅನ್ಕೊಂಡಿದೀಯೇನೇ?" ಎಂದರು.

"ಅಂದ್ರೆ, ಅಕ್ಕ?"

"ನಾನು ನಿಮ್ಮನೆಯಿಂದ ಬಂದ್ ಐದ್ ನಿಮಿಷಕ್ಕೆ ಮೆಣಸಿನ್ಕಾಯಿ ಘಾಟು ನಮ್ ಬಾಗ್ಲು ಕೆಳಗಿಂದ ಬರುತ್ತಲ್ಲ, ಎಷ್ಟು ವರ್ಷದಿಂದ. ನಾನೂ ಇಲ್ಲಿ ಕೂತು ಕೆಮ್ತೀನಿ."

ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಅಕ್ಕ ಬೈಯಲಿಲ್ಲ.

"ಅದಕ್ಕೆ ನಂಗೆ ಬೇಜಾರಿಲ್ಲ. ನಾನೂ ಮನೆಗೆ ಬಂದು ಇವಳ ಹೆಸರಲ್ಲಿ ಉಪ್ಪು ನಿವಾಳಿಸಿ ನೀರಿಗೆ ಹಾಕ್ತಿದ್ದೆ. ನನ್ ಕಣ್ಣು ಹಂಗೇನೋ ಏನೋ, ಯಾರಿಗ್ ಗೊತ್ತು? ಆದ್ರೆ ಎಲ್ರ ಮುಂದೆ ಆ ತಟ್ಟೆ ಕೊಟ್ಯಲ್ಲ..." ಅಕ್ಕನ ದನಿ ಒಡೆಯಿತು. "ಅವತ್ತಿಂದ ಲಿಫ್ಟಲ್ಲಿ ಈ ಮಗೂನ ನೋಡಕ್ಕೂ ಹೆದರಿಕೆ ಆಗ್ತಿದೆ ಕಣೇ."

ಅಂಕಿಗಳನ್ನು ನೋಡುತ್ತಿದ್ದದ್ದು ಅದಕ್ಕೆ! ನನ್ನ ಮೇಲಿನ ಸಿಟ್ಟಿಗೆ ಎಂದು ನಾನು ಅಷ್ಟು ದಿನ ಮನಸ್ಸಿನಲ್ಲೇ ಜಗಳವಾಡಿದ್ದೆ.

"ಅಕ್ಕ, ಆ ಅಂಗಡಿಯವ್ರು ಬಹಳ ಬೇಕಾದವ್ರಿಗೆ ಕೊಡು ಅಂದ್ರು. ನಂಗೆ ನಿಮ್ ಮುಖ ಬಿಟ್ಟು ಇನ್ನೇನೂ ನೆನಪಾಗ್ಲಿಲ್ಲ, ದೇವರಾಣೆ" ಎಂದೆ. ಮೊರ ಹಿಡಿದಿದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ಮೊಣಕೈಯಿಂದ ಮಗಳನ್ನು ಮುಂದೆ ತಳ್ಳಿದೆ. "ನೋಡಿ ಇವಳನ್ನ. ಹೇಗಿದಾಳೆ, ಹೇಳಿ."

"ಬೇಡ ಕಣೇ."

"ಹೇಳಲೇಬೇಕು. ಹೇಳೋವರ್ಗೂ ಮೊರ ಬಿಡಲ್ಲ."

ಮಗಳು ನಮ್ಮಿಬ್ಬರನ್ನೂ ನೋಡಿ, "ಆಂಟಿ, ಪ್ಲೀಸ್, ಐ ಆಮ್ ಹಂಗ್ರಿ" ಎಂದಳು. ಅಕ್ಕ ಅವಳನ್ನು ತಲೆಯಿಂದ ಕಾಲಿನವರೆಗೆ ಕಣ್ಣು ತುಂಬ ನೋಡಿದರು.

"ಗೌರಮ್ಮನೇ ನಡ್ಕೊಂಡ್ ಬಂದಂಗಿದಾಳೆ" ಎಂದರು. ಬಾಗಿನ ಎಳೆದುಕೊಂಡರು.

ಮಧ್ಯಾಹ್ನ ಗೌರಮ್ಮ ಲೆಕ್ಕವಿಲ್ಲದೆ ಒಬ್ಬಟ್ಟು ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದಳು. ನನ್ನ ಕೈ ತಾನಾಗಿ ಡಬ್ಬಿಗೆ ಹೋಗಿ ಎರಡು ಒಣಮೆಣಸಿನಕಾಯಿ ತೆಗೆಯಿತು. ಹಿಡಿದುಕೊಂಡು ನಿಂತೆ. ಆಮೇಲೆ ಅವನ್ನು ಮುರಿದು, ಒಲೆಯ ಮೇಲೆ ಕಾಯುತ್ತಿದ್ದ ಒಗ್ಗರಣೆಗೆ ಹಾಕಿದೆ. ಚಟಪಟ ಎಂದಿತು, ಘಾಟು ಎದ್ದಿತು, ಅಲಾರಂ ಕೂಗಿತು, ಯಜಮಾನರು ಟವೆಲ್ ಹುಡುಕಿದರು.

ಫೋನ್ ಬಂತು. "ಏನೇ ಅದು ಘಾಟು?"

"ಒಗ್ಗರಣೆ ಅಕ್ಕ! ದೇವರಾಣೆ ಒಗ್ಗರಣೆ! ಸಾರಿಗೆ!"

"ನಾನ್ ನಂಬಲ್ಲ, ನೋಡ್ಬೇಕು" ಎಂದರು ಅಕ್ಕ, ಬೆಲ್ ಒತ್ತದೆ ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದರು.